ಜಾಹೀರಾತಿನಲ್ಲಿ ನನ್ನ ಅಳು

ಅಪ್ಪ ತೀರಿಕೊಂಡ ಮೇಲೆ ಅವರ ಕಪಾಟು ತೆರೆದಾಗಲೆಲ್ಲ ನುಸಿಗುಳಿಗೆಯ ವಾಸನೆಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಚೆನ್ನೈಯಲ್ಲಿ ಸಿನಿಮಾ ಪ್ರಚಾರದ ಕೆಲಸ ಮಾಡುತ್ತಿದ್ದರು. ಆಗ ಅಮ್ಮ ತೀರಿಹೋಗಿ ಎರಡು ತಿಂಗಳಾಗಿತ್ತು. ನನಗೆ ಒಂಬತ್ತು ವರ್ಷ. ಬಿಡುಗಡೆಗೆ ಮೊದಲು ಕೆಲವರಿಗಷ್ಟೇ ಸಿನಿಮಾ ತೋರಿಸುವ ಸಣ್ಣ ಥಿಯೇಟರಿಗೆ ನನ್ನನ್ನು ಕರೆದುಕೊಂಡು ಹೋದರು. ಮಖಮಲ್ಲಿನ ಸೀಟುಗಳಿಗೆಲ್ಲ ಅದೇ ವಾಸನೆ. ತಾಯಿ ಸಾಯುವ ಕಥೆಯೆಂದು ಯಾರೂ ಹೇಳಿರಲಿಲ್ಲ. ಪರದೆಯ ಮೇಲೆ ಆಕೆಯ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಿದಾಗ ನಾನು ಮುಖ ಮುಚ್ಚಿಕೊಂಡೆ.

ಅಪ್ಪ ಮೆಲ್ಲಗೆ ನನ್ನ ಕೈ ಸರಿಸಿದರು. "ಮುಚ್ಕೋಬೇಡ ಪುಟ್ಟಿ, ಅತ್ಬಿಡು," ಎಂದರು. ಅಮ್ಮ ಹೋದ ಮೇಲೆ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. ನಾನು ಬಿಕ್ಕಿ ಬಿಕ್ಕಿ ಅತ್ತೆ.

ಮುಂದಿನ ವಾರ ಅಪ್ಪನ ತಂಗಿ ಫೋನಿನಲ್ಲಿ ಆ ಸಿನಿಮಾದ ಜಾಹೀರಾತು ತೋರಿಸಿದರು. ಮನೆಮಂದಿಯೆಲ್ಲ ನೋಡಬೇಕಾದ ಚಿತ್ರ ಎಂಬ ತಮಿಳು ಸಾಲಿನ ಕೆಳಗೆ ನನ್ನ ಒದ್ದೆ ಮುಖವಿತ್ತು.

"ಏನಣ್ಣಾ ಇದು? ಮಗು ಅಳೋದನ್ನ ಕ್ಯಾಮೆರಾ ಇಟ್ಟು ಹಿಡಿಸಿದ್ಯಾ?"

"ದುಡ್ಡು ಕೊಟ್ಟು ಅಳ್ಸಿದ್ರೆ ಜನ ಕಂಡುಹಿಡೀತಾರಮ್ಮ. ಇವಳನ್ನ ನೋಡಿ ಹೆಂಗಸ್ರು ಬಂದೇ ಬರ್ತಾರೆ," ಎಂದ ಅಪ್ಪ ನನ್ನತ್ತ ನೋಡಿ ನಕ್ಕರು. "ಭಾನುವಾರ ದೊಡ್ಡ ಥಿಯೇಟರಲ್ಲಿ ಇನ್ನೊಂದು ಶೋ ಇದೆ, ಬರ್ತೀಯಾ ಪುಟ್ಟಿ?"

"ವರಲೆ," ಎಂದೆ, ಬರುವುದಿಲ್ಲವೆಂದು, ತಮಿಳಿನಲ್ಲಿ. ಅದುವರೆಗೆ ಆ ಭಾಷೆಯನ್ನು ಹೊರಗಿನವರೊಡನೆ ಮಾತ್ರ ಆಡುತ್ತಿದ್ದೆ. ಅಪ್ಪನಿಗೆ ಕೊನೆಯವರೆಗೂ ಅದರಲ್ಲೇ ಉತ್ತರಿಸಿದೆ.