ನಾಲ್ಕು ಬಿರಡೆಗಳು

ಗಂಡ ತೀರಿಕೊಂಡ ತಿಂಗಳಿಗೆ ಅವರ ಮೊಬೈಲಿಗೆ ವಾದ್ಯ ತಯಾರಿಸುವವನ ಫೋನು ಬಂತು, ಜೆಸಿಂತಾ ಎತ್ತಿದಳು. ಗಂಡ ಮಾಡಿಸಲು ಕೊಟ್ಟಿದ್ದ, ಪುಟ್ಟ ಗಿಟಾರಿನಂಥ ನಾಲ್ಕು ತಂತಿಯ ಉಕುಲೆಲೆ ಮುಗಿಯುತ್ತ ಬಂದಿದೆಯಂತೆ. ಅವಳಿಗೆ ಅದರ ಸುದ್ದಿಯೇ ಗೊತ್ತಿರಲಿಲ್ಲ. ಹೋದಳು.

“ತಂತಿ ಬಿಗಿಯುವ ಬಿರಡೆ ಮಾತ್ರ ಅವಳೇ ಆರಿಸಲಿ ಅಂದಿದ್ದರು ನಿಮ್ಮ ಯಜಮಾನರು,” ಎನ್ನುತ್ತ ಆತ ಎರಡು ಬಗೆಯವನ್ನು ಮುಂದಿಟ್ಟ. “ಇವು ಹಗುರ, ಆದರೆ ಜಾರುತ್ತವೆ. ಹಲ್ಲುಚಕ್ರ ಇರುವ ಇವು ಭಾರ, ಆದರೆ ಶ್ರುತಿ ನಿಲ್ಲುತ್ತದೆ.”

ಜೆಸಿಂತಾ ಒಂದೊಂದನ್ನೇ ತಿರುಗಿಸಿ ನೋಡಿದಳು. ಅಳು ಬರಬಹುದು ಅಂದುಕೊಂಡಿದ್ದಳು, ಬರಲಿಲ್ಲ.

“ಹಾಗೇ ನಿಮ್ಮ ಹೆಸರು ಸರಿಯಿದೆಯಾ ನೋಡಿಬಿಡಿ ಅಮ್ಮ.”

ವಾದ್ಯದ ತಲೆಯ ಮೇಲೆ ಬಿಳಿ ಚಿಪ್ಪಿನ ಅಕ್ಷರಗಳಲ್ಲಿ ‘ಐರಿನ್’ ಎಂದಿತ್ತು.

“ಇವರನ್ನು ನಾನು ನೋಡಿಲ್ಲ,” ಎಂದಳು ಜೆಸಿಂತಾ. “ಶ್ರುತಿ ನಿಲ್ಲುವುದನ್ನೇ ಹಾಕಿ.”