ಹದಿನೇಳನೆಯ ಬಾವಲಿ

"ಜೂನಲ್ಲೇ ಕೂಡಿದ್ರೂ ಬಾವಲಿಯ ಭ್ರೂಣ ಬೆಳೆಯದೆ ಕಾಯುತ್ತೆ. ಅಕ್ಟೋಬರಲ್ಲಿ ಹಾರ್ಮೋನು ಏರಿದ ಮೇಲೇ ಅದು ಬೆಳೆಯೋದು," ಎಂದು ಕಂಪಾಲಾದ ಸಭೆಯಲ್ಲಿ ಪ್ರೊಫೆಸರ್ ಕಸಿರ್ಯೆ ಪರದೆಯ ಮೇಲಿನ ಪಟ್ಟಿ ತೋರಿಸುತ್ತಿದ್ದಾಗ, ಹಿಂದೆ ಅವರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ನಬುಕೇರಾ ಎದ್ದು ನಿಂತಳು. ಇಡೀ ಪಟ್ಟಿ ಅವಳ ನೋಟ್‌ಬುಕ್ಕಿನಿಂದ ಎತ್ತಿದ್ದು. ಅವಳ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಮಗುವನ್ನು ಬೆನ್ನಿಗೆ ಕಟ್ಟಿದ್ದ ಬಟ್ಟೆಯ ಗಂಟನ್ನು ಬಿಗಿದುಕೊಂಡು, ಅಲ್ಲಿಯ ಮಾತಿನಲ್ಲಿ 'ಸರ್' ಎಂದು ಕರೆದು ಕೇಳಿದಳು:

"ಸೆಬೋ, ಹದಿನೇಳನೇ ಬಾವಲಿಗೆ ಜುಲೈನಲ್ಲೇ ಹಾರ್ಮೋನು ಏರಿದೆಯಲ್ಲ, ಯಾಕೆ?"

"ಅದೇ ಕಣಮ್ಮ ನನ್ನ ಹೊಸ ಶೋಧ! ಮಳೆ ಬೇಗ ಬಂದ್ರೆ ಬಾವಲಿ ಕಾಯಲ್ಲ." ಚಪ್ಪಾಳೆ ಬಿತ್ತು. ಅದು ಪೂರ್ತಿ ನಿಲ್ಲುವವರೆಗೂ ಅವಳು ಕಾದಳು.

"ಅದು ಬಾವಲಿಯಲ್ಲ ಸೆಬೋ, ನಾನು. ಹಾರ್ಮೋನು ಅಳೆಯೋ ಯಂತ್ರ ಸರಿಯಿದೆಯಾ ನೋಡೋಕೆ ನನ್ನ ರಕ್ತಾನೇ ಹಾಕಿ ಹದಿನೇಳನೇ ಸಾಲಲ್ಲಿ ಬರೆದಿದ್ದೆ. ಬಸುರಿ ಅಂತ ನನ್ನ ಕೆಲಸದಿಂದ ಓಡಿಸಿದ್ರಲ್ಲ, ಅದೇ ತಿಂಗಳು."