ಹೋಗ್ತೀನಿ ಅನ್ನಲು ಕಲಿತವಳು

ವಾರಿಜಾ ಬಸ್ಸಿನ ಕಂಬಿ ಹಿಡಿದು, ಪಕ್ಕದವರನ್ನು "ತಿಂಡಿ ಆಯ್ತಾ?" ಎಂದು ಕೇಳದೆ ಮೂರು ಸ್ಟಾಪು ದಾಟಿದ್ದಳು. ಬಸ್ ಪ್ರಯಾಣ ಕಲಿಸುವ ಟೀಚರ್ ಶರ್ಮಿಷ್ಠೆ ಹಿಂದೆಯೇ ನಿಂತಿದ್ದಳು. ಆ ಊರಲ್ಲಿ ಎಲ್ಲರೂ ಅಂದುಕೊಂಡಿದ್ದನ್ನೇ ಆಡುವವರು, ಆಡಿದ್ದನ್ನು ಹಾಗೆಯೇ ನಂಬುವವರು. ವಾಡಿಕೆಗೆ ಒಂದು ಮಾತಾಡಿ ಮನಸ್ಸಲ್ಲಿ ಇನ್ನೊಂದು ಇಟ್ಟುಕೊಳ್ಳುವ ವಾರಿಜಾಳಂಥವರು ಎಲ್ಲೋ ಒಬ್ಬಿಬ್ಬರು. ಇವತ್ತಿನಂಥ ಪರೀಕ್ಷೆ ಪಾಸಾಗದೆ ಅವರು ಒಬ್ಬರೇ ಬಸ್ ಹತ್ತುವಂತಿರಲಿಲ್ಲ. ಪಾಸಾದರೆ ಗಂಡನ ಕಾವಲಿಲ್ಲದೆ ಓಡಾಡಬಹುದಿತ್ತು.

ಅವಳ ಸ್ಟಾಪು ಬಂತು. ಇಳಿಯುತ್ತ ಅಭ್ಯಾಸಬಲದಿಂದ ಕಂಡಕ್ಟರಿಗೆ, "ಬರ್ತೀನಪ್ಪಾ" ಅಂದುಬಿಟ್ಟಳು.

ಕಂಡಕ್ಟರ್ ಸೀಟಿ ಊದಲಿಲ್ಲ. ಬಾಗಿಲು ತೆರೆದೇ ಇತ್ತು. ಪ್ರಯಾಣಿಕರೆಲ್ಲ ಸುಮ್ಮನೆ ಕಾದರು.

"ಯಾವಾಗ ಬರ್ತೀರಮ್ಮ?"

"ಬರಲ್ಲ ಕಣಪ್ಪ. ಹೋಗ್ತೀನಿ ಅನ್ನಬಾರದಲ್ಲ, ಅಪಶಕುನ. ಅದಕ್ಕೆ ಹಂಗಂದೆ."

"ಹೋಗೋರು ಬರ್ತೀನಿ ಅಂದ್ರೆ ನಾವು ಬಸ್ ಬಿಡೋದು ಹೆಂಗೆ?"

"ಬೇಜಾರು ಮಾಡ್ಕೋಬೇಡಿ," ಎಂದಳು ಶರ್ಮಿಷ್ಠೆ, ವಾರಿಜಾ ಅಲ್ಲಿ ಇಲ್ಲವೇ ಇಲ್ಲವೆಂಬಂತೆ. "ಪಾಪ, ಹುಟ್ಟಿದಾಗಿಂದ ಹಿಂಗೇ. ಮಾತು ಒಂದು, ಅರ್ಥ ಇನ್ನೊಂದು. ಆದ್ರೆ ಇಂಥವರಲ್ಲೂ ಏನೋ ಒಂದು ಪ್ರತಿಭೆ ಇರುತ್ತೆ. ಇವರು ಸಾರು ಚೆನ್ನಾಗಿ ಮಾಡ್ತಾರೆ." ಆಮೇಲೆ ವಾರಿಜಾಳತ್ತ ತಿರುಗಿ, ಮಗುವಿಗೆ ಹೇಳುವಂತೆ ನಿಧಾನವಾಗಿ, "ಈಗ ಸರಿಯಾಗಿ ಹೇಳಿ ನೋಡೋಣ" ಎಂದಳು.

ವಾರಿಜಾ ಹಲ್ಲು ಕಚ್ಚಿಕೊಂಡು, "ಹೋಗ್ತೀನಿ" ಎಂದಳು.

ಬಸ್ಸು ಹೊರಟಿತು. ಜೊತೆಗೇ ಇಳಿದಿದ್ದ ಶರ್ಮಿಷ್ಠೆ ಚಪ್ಪಾಳೆ ತಟ್ಟಿದಳು. "ಪಾಸ್! ಇನ್ಮೇಲೆ ಎಲ್ಲಿಗೆ ಹೊರಟಿದ್ದೀರಿ ಅಂತ ಮನೇಲಿ ಹೇಳಿಬಿಡಿ, ಸಾಕು. ನಿಮ್ಮ ಯಜಮಾನ್ರು ನಂಬ್ತಾರೆ."

ನಂಬ್ತಾರೆ. ಯಾರೂ ಸುಳ್ಳನ್ನೇ ಹೇಳದ ಊರಲ್ಲಿ ಸೊಪ್ಪಿನ ಮಾರ್ಕೆಟ್ಟಿಗೆ ಎಂದು ಹೇಳಿ ಎಲ್ಲೆಲ್ಲಿಗೆ ಹೋಗಬಹುದೆಂದು ವಾರಿಜಾ ಯೋಚಿಸಿದಳು. ಸೋಮವಾರ ಮ್ಯಾಟಿನಿಗೆ ಎಂದು ಅಲ್ಲೇ ನಿಶ್ಚಯವಾಯಿತು. ಬಾಯಲ್ಲಿ ಮಾತ್ರ, "ಆಗಲಿ ಮೇಡಂ" ಎಂದಳು.